ಗಿರಣಿಯ ಭೋಂಗಾದಿಂದ ಗುಂಠೇವಾರಿ ಪ್ಲಾಟಿನವರೆಗೆ: ನಮ್ಮ ಹೊರವಲಯದ ನೂರು ವರ್ಷ

ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಅದರ ಚರಿತ್ರೆಯನ್ನು ಹೇಳುವ ರೂಢಿಯ ದಾರಿಯೊಂದಿದೆ. ಮೊದಲ ಕೋಣೆಯನ್ನು ಯಾರು ಕಟ್ಟಿಸಿದರು, ಯಾವ ಯಾವ ಗುರುಗಳು ಮುಖ್ಯಾಧ್ಯಾಪಕರಾಗಿದ್ದರು, ಯಾವ ವರ್ಷ ಫಲಿತಾಂಶ ಚೆನ್ನಾಗಿ ಬಂದಿತು ಎಂಬ ವಿವರಗಳು ಆ ದಾರಿಯಲ್ಲಿ ಬರುತ್ತವೆ. ಆ ಸಂಗತಿಗಳನ್ನು ಈ ಸ್ಮರಣ ಸಂಪುಟದ ಬೇರೆ ಲೇಖನಗಳು ಹೇಳಲಿವೆ. ನಾವು ಇಲ್ಲಿ ಬರೆಯಹೊರಟಿರುವುದು ಶಾಲೆಯ ಗೋಡೆಯ ಆಚೆಗಿನ ಮನೆಗಳ ಚರಿತ್ರೆಯನ್ನು. ಈ ಮನೆಗಳಿಗೆ ಜನ ಎಲ್ಲಿಂದ ಬಂದರು, ಏನು ಮಾಡಿ ಉಂಡರು, ಎಷ್ಟು ಮಕ್ಕಳನ್ನು ಹಡೆದರು, ಎಲ್ಲಿಗೆ ಹೋದರು ಎಂಬುದೇ ನಮ್ಮ ವಿಷಯ.

ಇದಕ್ಕೆ ಕಾರಣವಿದೆ. ಕಳೆದ ಕೆಲವು ವರ್ಷಗಳಿಂದ ಪ್ರತಿಯೊಂದು ಪಾಲಕರ ಸಭೆಯಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ನಮ್ಮ ಶಾಲೆಯಲ್ಲಿ ಮಕ್ಕಳೇಕೆ ಕಡಿಮೆಯಾದರು? ಇದಕ್ಕೆ ಸಿದ್ಧವಾದ ಉತ್ತರವೂ ಒಂದಿದೆ: ಜನರಿಗೆ ಕನ್ನಡದ ಮೇಲಿನ ಅಭಿಮಾನ ಇಳಿಯಿತು. ಈ ಉತ್ತರ ಕೇಳಿದಾಗಲೆಲ್ಲ ಸಭೆಯಲ್ಲಿ ಕುಳಿತ ತಾಯಂದಿರು ತಲೆ ತಗ್ಗಿಸುವುದನ್ನು ನಾವು ನೋಡಿದ್ದೇವೆ. ಅವರು ತಪ್ಪಿತಸ್ಥರಂತೆ ತಲೆ ತಗ್ಗಿಸಬೇಕಾದ ಕಾರಣವಿದೆಯೇ ಎಂಬುದನ್ನು ಪರಿಶೀಲಿಸುವ ಆಸೆಯಿಂದಲೇ ಈ ಬರಹ ಹುಟ್ಟಿತು. ನಮ್ಮಲ್ಲಿ ಕೆಲವರು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು, ಕೆಲವರು ಇಲ್ಲಿಯೇ ಪಾಠ ಹೇಳಿದವರು. ಶಾಲೆಯ ಜನರಲ್ ರಜಿಸ್ಟರನ್ನೂ ಹಳೆಯ ಪ್ರವೇಶ ಅರ್ಜಿಗಳ ಕಟ್ಟುಗಳನ್ನೂ ಮುಂದಿಟ್ಟುಕೊಂಡು ನಗರದ ಚರಿತ್ರೆಯನ್ನು ಮತ್ತೊಮ್ಮೆ ಓದಿದೆವು. ಅರ್ಜಿಯಲ್ಲಿ ಪಾಲಕರ ಉದ್ಯೋಗ ಎಂಬ ಒಂದು ಸಾಲು, ರಜಿಸ್ಟರಿನಲ್ಲಿ ಶಾಲೆ ಬಿಟ್ಟ ಕಾರಣ ಎಂಬ ಒಂದು ಅಂಕಣ, ಇವೆರಡೇ ನಮಗೆ ದಾರಿ ತೋರಿದವು.

ಜನ ಕೂಡಿದ ಬಗೆ

ಸೊಲ್ಲಾಪುರಕ್ಕೆ 1852ರಲ್ಲಿ ನಗರಸಭೆ ಬಂದಿತು. 1860ರ ಸುಮಾರಿಗೆ ಮುಂಬಯಿ ಕಡೆಯಿಂದ ರೈಲು ಬಂದಿತು. ಅದೇ ಹಳಿ ಕಲಬುರಗಿಯ ಮೇಲಿನಿಂದ ಸಾಗಿ 1871ರಲ್ಲಿ ರಾಯಚೂರನ್ನು ಮುಟ್ಟಿದಾಗ ಮುಂಬಯಿಗೂ ಮದರಾಸಿಗೂ ನಡುವೆ ಕಬ್ಬಿಣದ ದಾರಿ ಕೂಡಿಕೊಂಡಿತು. ಹತ್ತಿ, ಜೋಳ, ನೂಲು ಈ ದಾರಿಯಲ್ಲಿ ಹರಿದಾಡತೊಡಗಿದವು. ಆದರೆ ಈ ನಗರಕ್ಕೆ ಜನರನ್ನು ತಂದು ತುಂಬಿದ್ದು ರೈಲಿಗಿಂತ ಹೆಚ್ಚಾಗಿ ಬರಗಾಲ. 1876ರಿಂದ 1878ರವರೆಗಿನ ಘೋರ ಕ್ಷಾಮ ದಖ್ಖನ್ನಿನ ಹಳ್ಳಿಗಳನ್ನು ಬರಿದು ಮಾಡಿತು. ಅದೇ ಹೊತ್ತಿನಲ್ಲಿ, 1877ರಲ್ಲಿ, ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ ಆರಂಭವಾಯಿತು. ಇಂದಿಗೂ ಜನ ಅದನ್ನು ಕರೆಯುವುದು ಜುನಿ ಮಿಲ್ ಎಂದೇ. ಮುಂದಿನ ದಶಕಗಳಲ್ಲಿ ಲಕ್ಷ್ಮಿ, ವಿಷ್ಣು, ನರಸಿಂಗಗಿರಜಿ, ಜಾಮ್ ಗಿರಣಿಗಳು ಅದರ ಜೊತೆಗೂಡಿದವು. ಹೊಲ ಕೈಕೊಟ್ಟವನಿಗೆ ಗಿರಣಿಯ ಭೋಂಗಾ ಅನ್ನದ ಕರೆಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಬಂದವರು ಒಂದು ಸೀಮೆಯವರಲ್ಲ. ನಿಜಾಮನ ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಮಗ್ಗದ ವಿದ್ಯೆಯನ್ನು ಹೊತ್ತು ಬಂದರು. ಬಾರ್ಶಿ, ಮಂಗಳವೇಢೆಗಳ ಕಡೆಯಿಂದ ಮರಾಠಿ ಮಾತನಾಡುವವರು ಬಂದರು. ಅಕ್ಕಲಕೋಟೆ, ಇಂಡಿ, ಅಫಜಲಪುರ, ಆಳಂದಗಳ ದಿಕ್ಕಿನಿಂದ ಕನ್ನಡಿಗರು ಬಂದರು. ಬಂದರು ಎನ್ನುವುದಕ್ಕಿಂತ, ಹನ್ನೆರಡನೆಯ ಶತಮಾನದ ಸಿದ್ಧರಾಮೇಶ್ವರರ ಕಾಲದಿಂದ ಇಲ್ಲಿಯೇ ಇದ್ದ ತಮ್ಮ ನಂಟರ ಬಳಿಗೆ ಬಂದು ಸೇರಿದರು ಎನ್ನುವುದು ಸರಿ. ಬ್ರಿಟಿಷರ ಸರಕಾರ ಅಪರಾಧಿ ಬುಡಕಟ್ಟುಗಳೆಂಬ ಅನ್ಯಾಯದ ಹಣೆಪಟ್ಟಿ ಹಚ್ಚಿದ ಅಲೆಮಾರಿ ಜನರನ್ನು ತಂತಿಬೇಲಿಯೊಳಗೆ ಕೂಡಿಟ್ಟು ಗಿರಣಿ ಕೆಲಸಕ್ಕೆ ಕಳುಹಿಸುತ್ತಿದ್ದ ಜಾಗ ಇಂದಿಗೂ ಸೆಟಲ್ಮೆಂಟ್ ಎಂಬ ಹೆಸರಿನಲ್ಲಿಯೇ ಉಳಿದಿದೆ. 1901ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 75 ಸಾವಿರವಿತ್ತು. ಅರವತ್ತು ವರ್ಷ ಕಳೆದು 1961ರಲ್ಲಿ ಅದು 3 ಲಕ್ಷ 37 ಸಾವಿರವಾಯಿತು.

ನಮ್ಮ ಶಾಲೆ ತೆರೆದಾಗ ಈ ಹೊರವಲಯ ನಗರವಾಗಿರಲಿಲ್ಲ, ಪೂರ್ತಿಯಾಗಿ ಹಳ್ಳಿಯೂ ಆಗಿರಲಿಲ್ಲ. ಅಕ್ಕಲಕೋಟೆ ರಸ್ತೆಯ ಅಂಚಿಗೆ ಹಿಂಗಾರಿ ಜೋಳದ ಎರೆಹೊಲಗಳು, ನಡುವೆ ಕೆಲವು ವಸತಿಗಳು. ಆ ಕಾಲದ ಪಾಲಕರು ಎರಡು ಬಗೆಯವರು: ಒಕ್ಕಲುತನದವರು ಮತ್ತು ಗಿರಣಿಯವರು. ಅನೇಕ ಮನೆಗಳಲ್ಲಿ ಅಣ್ಣ ಹೊಲದಲ್ಲಿ, ತಮ್ಮ ಗಿರಣಿಯಲ್ಲಿ. ಮಳೆ ಬಂದ ವರ್ಷ ಹೊಲ ಗಿರಣಿಗೆ ಜೋಳ ಕೊಟ್ಟಿತು. ಮಳೆ ಹೋದ ವರ್ಷ ಗಿರಣಿ ಹೊಲಕ್ಕೆ ಹಣ ಕೊಟ್ಟಿತು. ಈ ಎರಡು ಕಾಲಿನ ಸಂಸಾರವೇ ನಮ್ಮ ಶಾಲೆಯ ಮೊದಲ ಆಧಾರ.

ತಿಂಗಳ ಪಗಾರದ ಕಾಲ

ಕಾರ್ಮಿಕರ ಮನೆಯ ಲೆಕ್ಕವನ್ನು ಬರೆದಿಡುವ ಕೆಲಸ ನಮ್ಮ ನಗರದಲ್ಲಿ ಬಹಳ ಬೇಗನೆ ನಡೆಯಿತೆಂಬುದು ಅನೇಕರಿಗೆ ತಿಳಿದಿಲ್ಲ. 1925ರಲ್ಲಿ ಮುಂಬಯಿ ಸರಕಾರದ ಕಾರ್ಮಿಕ ಕಚೇರಿ ಸೊಲ್ಲಾಪುರದ ಹತ್ತಿ ಗಿರಣಿ ಕಾರ್ಮಿಕರ ಕುಟುಂಬ ಆಯವ್ಯಯದ ವಿಚಾರಣೆ ನಡೆಸಿತು. ಮುಂದೆ ಪುಣೆಯ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಧನಂಜಯರಾವ್ ಗಾಡಗೀಳರು ಈ ನಗರದ ಸಾಮಾಜಿಕ, ಆರ್ಥಿಕ ಸ್ಥಿತಿಯ ಅಧ್ಯಯನವನ್ನೇ ಕೈಗೊಂಡರು. ಅದು 1965ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಮನೆಯಲ್ಲಿ ದುಡಿಯುವವರೆಷ್ಟು, ಉಣ್ಣುವವರೆಷ್ಟು, ಕಾಳುಕಡ್ಡಿಗೆ ಎಷ್ಟು, ಉರುವಲಿಗೆ ಎಷ್ಟು, ಬಾಡಿಗೆಗೆ ಎಷ್ಟು, ಸಾಲದ ಬಡ್ಡಿಗೆ ಎಷ್ಟು ಎಂದು ಕೇಳುವುದು ಇಂಥ ವಿಚಾರಣೆಗಳ ಕ್ರಮ. ಒಂದು ಊರನ್ನು ತಿಳಿಯಬೇಕಾದರೆ ಅದರ ಅಡುಗೆಮನೆಯ ಲೆಕ್ಕವನ್ನು ತಿಳಿಯಬೇಕೆಂಬ ವಿವೇಕ ಆ ಹಿರಿಯರಲ್ಲಿತ್ತು.

ಗಿರಣಿಯ ಪಗಾರ ಹೆಚ್ಚಿನದಾಗಿರಲಿಲ್ಲ. ಗಾಳಿಯಲ್ಲಿ ಹತ್ತಿಯ ಧೂಳು, ಪಾಳಿಯ ದುಡಿತ, ಕಿವಿ ಮಂದವಾಗುವಷ್ಟು ಸದ್ದು. ಆದರೆ ಆ ಆದಾಯಕ್ಕೆ ಒಂದು ಗುಣವಿತ್ತು: ಅದು ತಿಂಗಳಿಗೊಮ್ಮೆ, ಗೊತ್ತಾದ ದಿನ ಕೈಗೆ ಬರುತ್ತಿತ್ತು. ಗೊತ್ತಾದ ದಿನ ಬರುವ ಹಣದಿಂದ ಮನೆಯವರು ಮುಂದಿನದನ್ನು ಯೋಚಿಸಬಲ್ಲರು. ಜೂನ್ ತಿಂಗಳಲ್ಲಿ ಪಾಟಿ, ಪುಸ್ತಕ ಕೊಳ್ಳಬಹುದು; ಅಂಗಡಿಯವನು ಉದ್ರಿ ಕೊಡುತ್ತಾನೆ; ಮಗ ಏಳನೆಯ ಇಯತ್ತೆ ಮುಗಿಸಲೆಂದು ಎರಡು ವರ್ಷ ತಾಳಬಹುದು. ಗಿರಣಿಯಲ್ಲಿ ಸಂಘಟನೆ ಬೆಳೆಯಿತು. ಸ್ವಾತಂತ್ರ್ಯಾನಂತರ ಭವಿಷ್ಯನಿಧಿ ಬಂದಿತು. ಈ ಕಾರ್ಮಿಕ ನಗರ ತಲೆಯೆತ್ತಿ ನಿಂತ ಬಗೆಯನ್ನು 1930ರ ಮೇ ತಿಂಗಳು ತೋರಿಸಿಕೊಟ್ಟಿತು. ಗಾಂಧೀಜಿಯವರ ಬಂಧನದ ಬಳಿಕ ನಗರ ಕೆರಳಿತು, ಸರಕಾರ ಲಷ್ಕರಿ ಕಾಯಿದೆ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿತು. ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಈ ನಗರದ ಜನಸಂಖ್ಯೆಯ ಬಣ್ಣವೇ ಕಣ್ಣ ಮುಂದೆ ಬರುತ್ತದೆ.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ರೂಪುಗೊಂಡಿತು. 1962ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ನಮ್ಮ ಭಾಗದ ಅನೇಕ ಕನ್ನಡ ಶಾಲೆಗಳು ಅವುಗಳ ಆಡಳಿತಕ್ಕೆ ಸೇರಿದವು. ಬಾಲಭಾರತಿ ಎಂದು ನಾವೆಲ್ಲ ಕರೆಯುವ ರಾಜ್ಯದ ಪಠ್ಯಪುಸ್ತಕ ಮಂಡಳ ಮರಾಠಿಯೊಡನೆ ಕನ್ನಡದಲ್ಲಿಯೂ ಪುಸ್ತಕ ಅಚ್ಚುಹಾಕಿತು, ಇಂದಿಗೂ ಹಾಕುತ್ತಿದೆ. ಗಡಿಯ ವಾದ ಏನೇ ಇರಲಿ, ಮಗುವಿನ ಕೈಗೆ ಕನ್ನಡ ಪುಸ್ತಕ ಬರುವುದು ನಿಲ್ಲಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ವಾರದ ಕೂಲಿ, ಸಾವಿರದ ಲೆಕ್ಕ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಭೋಂಗಾ ನಿಂತಾಗ ಊರು ನಿಲ್ಲಲಿಲ್ಲ. ನೇಯ್ಗೆ ಗಿರಣಿಯ ಎತ್ತರದ ಗೋಡೆಯಿಂದ ಇಳಿದು ಗಲ್ಲಿಗಲ್ಲಿಯ ಪಾವರಲೂಮ್ ಶೆಡ್ಡುಗಳಿಗೆ ಹಂಚಿಹೋಯಿತು. ಸೊಲ್ಲಾಪುರಿ ಚಾದರ, ಟೆರಿ ಟವೆಲ್ ದೇಶವಿಡೀ ಹೆಸರಾದದ್ದು ಈ ಶೆಡ್ಡುಗಳ ದುಡಿಮೆಯಿಂದಲೇ. ಅಕ್ಕಲಕೋಟೆ ರಸ್ತೆಯ ಎಂ.ಐ.ಡಿ.ಸಿ. ವಸಾಹತು ನಮ್ಮ ನೆರೆಗೇ ಬಂದಿತು. ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಚಾದರ ನೇಯುವವನ ಪಗಾರ ತಿಂಗಳಿನಿಂದ ವಾರಕ್ಕೆ ಇಳಿಯಿತು. ಎಷ್ಟು ನೇಯ್ದರೆ ಅಷ್ಟು ಕೂಲಿ. ವಿದ್ಯುತ್ತು ಹೋದರೆ, ನೂಲಿನ ಬೆಲೆ ಏರಿ ಮಾಲೀಕ ಮಗ್ಗ ನಿಲ್ಲಿಸಿದರೆ ಆ ವಾರದ ಕೂಲಿಯಿಲ್ಲ.

ಗಂಡಸಿನ ಪಗಾರ ಹೀಗೆ ಅಲುಗಾಡಿದಾಗ ಮನೆಯನ್ನು ಎತ್ತಿಹಿಡಿದವರು ಹೆಂಗಸರು, ಬೀಡಿ ಕಟ್ಟುತ್ತ. ಬೀಡಿಯ ಕೂಲಿ ಸಾವಿರದ ಲೆಕ್ಕ. ಎಲೆ, ತಂಬಾಕು ಮನೆಗೆ ಬರುತ್ತವೆ. ಎಲೆ ನೆನೆಯಿಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ಬಾಯಿ ಮಡಚಿ, ದಾರ ಕಟ್ಟಬೇಕು. ಕಟ್ಟಿದ ಬೀಡಿಯನ್ನು ಕೊಡಲು ಹೋದಲ್ಲಿ ಸರಿಯಿಲ್ಲವೆಂದು ಬದಿಗಿಟ್ಟ ಬೀಡಿಗಳಿಗೆ ಕೂಲಿಯಿಲ್ಲ. ಎಲೆ ಕೆಟ್ಟದಿದ್ದರೆ ಅದರ ನಷ್ಟವೂ ಅವಳದೇ. ಸಾವಿರ ತುಂಬಬೇಕಾದರೆ ಬೆಳಗಿನಿಂದ ರಾತ್ರಿಯವರೆಗೆ ಮೊರದ ಮುಂದೆ ಬೆನ್ನು ಬಾಗಿಸಿ ಕೂಡಬೇಕು. ಈ ದುಡಿಮೆಯಲ್ಲಿ ಪದ್ಮಶಾಲಿ ತಾಯಂದಿರ ಜೊತೆಗೆ ಕನ್ನಡ, ಮರಾಠಿ, ಉರ್ದು ಮನೆಗಳ ತಾಯಂದಿರೂ ಇದ್ದರು, ಇದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, 1976ರ ಕಲ್ಯಾಣ ನಿಧಿ ಕಾಯಿದೆ ಇವರಿಗೆ ಗುರುತು ಚೀಟಿ, ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನಗಳ ಹಕ್ಕನ್ನು ತಂದವು.

ನೂರು ವರ್ಷಗಳ ಆದಾಯದ ಕಥೆಯನ್ನು ಹೇಳುವಾಗ ರೂಪಾಯಿಯ ಅಂಕಿಯನ್ನಷ್ಟೇ ನೋಡಿದರೆ ಎಲ್ಲವೂ ಏರುತ್ತಲೇ ಬಂದಂತೆ ಕಾಣುತ್ತದೆ. ಅಜ್ಜನ ಪಗಾರಕ್ಕಿಂತ ಮೊಮ್ಮಗನ ಕೂಲಿಯ ಅಂಕಿ ಅನೇಕ ಪಟ್ಟು ದೊಡ್ಡದು. ಆದರೆ ತಿಂಗಳ ಪಗಾರ ವಾರದ ಕೂಲಿಯಾಗಿ, ವಾರದ ಕೂಲಿ ಸಾವಿರದ ಲೆಕ್ಕವಾಗಿ ಒಡೆದದ್ದನ್ನು ಆ ಅಂಕಿ ತೋರಿಸುವುದಿಲ್ಲ. ಪ್ರವೇಶ ಅರ್ಜಿಯಲ್ಲಿ ಗಿರಣಿ ಎಂಬ ಶಬ್ದ ಮರೆಯಾಗಿ ಪಾವರಲೂಮ್, ರಿಕ್ಷಾ, ಗವಂಡಿ, ಶಿಲಾಯಿ ಕೆಲಸ, ಮಜೂರಿ ಎಂಬ ಶಬ್ದಗಳು ಬರುತ್ತ ಹೋದುದನ್ನು ಕಂಡಾಗ ನಮಗೆ ಈ ಸಂಗತಿ ಸ್ಪಷ್ಟವಾಯಿತು. ಮಳೆಗಾಲದಲ್ಲಿ ಗವಂಡಿ ಕೆಲಸ ನಿಂತಾಗ ಹಾಜರಿ ಏಕೆ ಇಳಿಯುತ್ತಿತ್ತು, ಮಗು ಜೂನ್ ಬದಲು ಜುಲೈಯಲ್ಲಿ ಏಕೆ ಹೆಸರು ಹಚ್ಚುತ್ತಿತ್ತು ಎಂಬುದೂ ತಿಳಿಯಿತು.

ಅಂಕಿಸಂಖ್ಯೆಯನ್ನು ಓದುವ ಎಚ್ಚರ

ಜನಗಣತಿಯ ಪ್ರಕಾರ ಸೊಲ್ಲಾಪುರ ನಗರದಲ್ಲಿ 1991ರಲ್ಲಿ 6,04,215 ಜನರಿದ್ದರು. 2001ರಲ್ಲಿ ಈ ಸಂಖ್ಯೆ 8,72,478. ಹತ್ತು ವರ್ಷಗಳಲ್ಲಿ ನೂರಕ್ಕೆ 44ರಷ್ಟು ಏರಿಕೆ. ಇದನ್ನು ನೋಡಿ ನಗರಕ್ಕೆ ಜನರ ಮಹಾಪೂರ ಬಂದಿತೆಂದು ಬರೆದವರೂ ಉಂಟು. ನಿಜವಾಗಿ ನಡೆದದ್ದು ಬೇರೆ. 1992ರಲ್ಲಿ ಮಹಾನಗರಪಾಲಿಕೆಯ ಹದ್ದು ವಿಸ್ತಾರವಾಯಿತು. ಸುತ್ತಣ ಹಳ್ಳಿಗಳು, ವಸತಿಗಳು ನಗರದೊಳಗೆ ಬಂದವು. ಜನರು ಗಡಿ ದಾಟಿ ನಗರಕ್ಕೆ ಬರುವ ಮೊದಲೇ ನಗರದ ಗಡಿ ಅವರನ್ನು ದಾಟಿಹೋಯಿತು. 2011ರ ಗಣತಿಯಲ್ಲಿ ನಗರದ ಜನಸಂಖ್ಯೆ 9,51,558. ಅಂದರೆ ಆ ಹತ್ತು ವರ್ಷಗಳ ಏರಿಕೆ ನೂರಕ್ಕೆ 9 ಮಾತ್ರ. ಅದೇ ಅವಧಿಯಲ್ಲಿ ಜಿಲ್ಲೆಯ ಏರಿಕೆ ನೂರಕ್ಕೆ 12. ಇಷ್ಟು ದೊಡ್ಡ ನಗರ ತನ್ನ ಜಿಲ್ಲೆಗಿಂತ ನಿಧಾನವಾಗಿ ಬೆಳೆಯಿತೆಂದರೆ, ಅದರ ಎಳೆಯರು ದುಡಿಮೆ ಹುಡುಕಿ ಪುಣೆ, ಮುಂಬಯಿಗಳ ಕಡೆಗೆ ಹೋಗುತ್ತಿದ್ದರೆಂದೂ, ಮನೆ ಕೊಳ್ಳಲಾರದವರು ಹದ್ದಿನ ಆಚೆಗೆ ಸರಿಯುತ್ತಿದ್ದರೆಂದೂ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಈ ಸರಿಯುವಿಕೆಯನ್ನು ಕಣ್ಣಾರೆ ಕಂಡವರು ನಾವು. ಎರೆಹೊಲಗಳು ಗುಂಠೆ ಗುಂಠೆಯಾಗಿ ಮಾರಾಟವಾದವು. ಬಿನ್‌ಶೇತ್ಕಿಯ ಪರವಾನಗಿಯಿಲ್ಲದೆ, ಬರಿಯ ನೂರು ರೂಪಾಯಿ ಛಾಪಾ ಕಾಗದದ ಮೇಲೆ ಕೈಬದಲಾದ ಪ್ಲಾಟುಗಳಲ್ಲಿ ಮೊದಲು ತಗಡಿನ ಮನೆ, ಅನಂತರ ಗೋಡೆ, ಬಹು ಕಾಲದ ಮೇಲೆ ನಳ. ಇಂಥ ವಸತಿಗಳನ್ನು ಸಕ್ರಮಗೊಳಿಸಲು ಮಹಾರಾಷ್ಟ್ರ ಸರಕಾರ 2001ರಲ್ಲಿ ಗುಂಠೇವಾರಿ ಕಾಯಿದೆಯನ್ನೇ ಮಾಡಬೇಕಾಯಿತು. ಹೊಲ ಮಾರಿದವನ ಕೈಗೆ ಒಮ್ಮೆಗೇ ಹಣ ಬಂದಿತು. ಕೆಲವರು ಅದನ್ನು ಮಕ್ಕಳ ವಿದ್ಯೆಗೆ, ಅಂಗಡಿಗೆ ಹಾಕಿ ಮೇಲೆ ಬಂದರು, ಕೆಲವರದು ಮದುವೆ ಮುಂಜಿಗಳಲ್ಲಿ ಕರಗಿತು. ಹೊಲ ಹೋದ ಮೇಲೆ ಎರಡು ಕಾಲಿನ ಸಂಸಾರ ಒಂಟಿಕಾಲಿನದಾಯಿತು. ಗಿರಣಿಯೂ ಇಲ್ಲ, ಜೋಳವೂ ಇಲ್ಲ.

ಅಕ್ಕಲಕೋಟೆ ರಸ್ತೆಯಲ್ಲಿ ಮುಂದೆ ಹೋದರೆ ಕುಂಭಾರಿ. ಅಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಹತ್ತು ಸಾವಿರ ಮನೆಗಳ ವಸಾಹತು ಎದ್ದಿತು. ಥಾಣೆ ಜಿಲ್ಲೆಯ ವಾರಲಿ ಆದಿವಾಸಿಗಳ ಹೋರಾಟ ಕಟ್ಟಿದ ಗೋದಾವರಿ ಪರುಳೇಕರರ ಹೆಸರು ಹೊತ್ತ ಆ ವಸಾಹತಿನ ಮನೆಗಳನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗರು ಹಸ್ತಾಂತರಿಸಿದರು. ಮುಂದೆ ಅಸಂಘಟಿತ ಕಾರ್ಮಿಕರಿಗಾಗಿ ಅಲ್ಲಿಯೇ ರೇ ನಗರ ಎಂಬ ಮೂವತ್ತು ಸಾವಿರ ಮನೆಗಳ ಯೋಜನೆ ಬಂದಿತು. ಅದರ ಮೊದಲ ಹದಿನೈದು ಸಾವಿರ ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಹಸ್ತಾಂತರಿಸಿದರು. ಬಾಡಿಗೆಯ ಕೋಣೆಯಲ್ಲಿ ಜೀವ ಸವೆಸಿದ ಹೆಣ್ಣುಮಕ್ಕಳಿಗೆ ತಮ್ಮದೆಂಬ ಹೊಸ್ತಿಲು ದೊರೆತದ್ದು ಸಣ್ಣ ಸಂಗತಿಯಲ್ಲ. ಅವರೊಡನೆ ನಮ್ಮ ಶಾಲೆಯ ಮಕ್ಕಳೂ ಹೋದರು. ರಜಿಸ್ಟರಿನ ಕೊನೆಯ ಅಂಕಣದಲ್ಲಿ ಅವರ ಹೆಸರಿನ ಮುಂದೆ ಬರೆದದ್ದು ಎರಡೇ ಶಬ್ದ: ಸ್ಥಳ ಬದಲಾವಣೆ.

ಮಕ್ಕಳು ಕಡಿಮೆಯಾದುದರ ನಿಜವಾದ ಲೆಕ್ಕ

ಈಗ ಸಭೆಯಲ್ಲಿ ಏಳುವ ಪ್ರಶ್ನೆಗೆ ಮರಳೋಣ. ಮೊದಲನೆಯ ಕಾರಣ, ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಮಹಾರಾಷ್ಟ್ರದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 2.9 ಇದ್ದದ್ದು 2019-21ರ ಹೊತ್ತಿಗೆ 1.7ಕ್ಕೆ ಇಳಿಯಿತು. ಮೂರು ಮಕ್ಕಳಿದ್ದ ಮನೆಯಲ್ಲಿ ಈಗ ಇಬ್ಬರು, ಎಷ್ಟೋ ಕಡೆ ಒಬ್ಬರೇ. ಮನೆಗಳ ಸಂಖ್ಯೆ ಅಷ್ಟೇ ಇದ್ದು, ಪ್ರತಿಯೊಬ್ಬರೂ ತಮ್ಮ ಮಕ್ಕಳನ್ನು ನಮ್ಮಲ್ಲಿಗೇ ಕಳುಹಿಸಿದ್ದರೂ ಒಂದನೆಯ ಇಯತ್ತೆಯ ಬೆಂಚುಗಳು ಮೊದಲಿನಂತೆ ತುಂಬುತ್ತಿರಲಿಲ್ಲ. ಇದು ಅಭಿಮಾನದ ಪ್ರಶ್ನೆಯಲ್ಲ. ತಾಯಿಯ ಆರೋಗ್ಯ, ಶಿಕ್ಷಣಗಳ ಫಲ, ನಾವೇ ಬಯಸಿದ ಫಲ.

ಎರಡನೆಯ ಕಾರಣ, ಈಗ ಹೇಳಿದ ಸ್ಥಳ ಬದಲಾವಣೆ. ಮನೆಗಳು ಸರಿದವು, ಶಾಲೆ ಸರಿಯಲಿಲ್ಲ. ಹತ್ತು ಮೈಲಿ ನಡೆದು ಬಂದ ಹಿಂದಿನ ಕಾಲದ ಮಕ್ಕಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆರು ವರ್ಷದ ಮಗುವನ್ನು ಲಾರಿಗಳ ಹೆದ್ದಾರಿ ದಾಟಿ ನಡೆದು ಬಾ ಎನ್ನಲು ಯಾವ ತಾಯಿಗೂ ಮನಸ್ಸು ಬಾರದು.

ಮೂರನೆಯದು ಮಾಧ್ಯಮದ ಆಯ್ಕೆ. ಇದು ನಿಜವಾದ ಕಾರಣವೇ. ಆದರೆ ಇದರ ಬೇರು ಭಾಷೆಯಲ್ಲಿರುವಷ್ಟೇ ಆದಾಯದಲ್ಲಿಯೂ ಇದೆ. ವಾರದ ಕೂಲಿಯ ತಂದೆ ತನ್ನ ಮಗನಿಗೆ ತಿಂಗಳ ಪಗಾರ ಸಿಗಲೆಂದು ಬಯಸುತ್ತಾನೆ, ಅದು ಇಂಗ್ಲಿಷಿನ ಬಾಗಿಲಿನಿಂದ ಬರುತ್ತದೆಂದು ನಂಬುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ತೆರೆದಿಟ್ಟ ಮೇಲೆ, ಹಿಂದೆ ಶುಲ್ಕಕ್ಕೆ ಹೆದರಿ ದೂರ ಇದ್ದವರಿಗೂ ಆ ಬಾಗಿಲು ಕಂಡಿತು. ಜೊತೆಗೆ ಹತ್ತನೆಯ ಇಯತ್ತೆಯ ಮುಂದೇನು ಎಂಬ ಚಿಂತೆ. ನಮ್ಮ ಭಾಗದಲ್ಲಿ ಕಾಲೇಜಿನ ಪಾಠ ಮರಾಠಿ, ಇಲ್ಲವೆ ಇಂಗ್ಲಿಷಿನಲ್ಲಿ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ವಾಸಿಸಿ ಓದಿದ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಅರ್ಹತೆಯ ಅವಕಾಶವಿದೆ. ಆದರೆ ನಮ್ಮ ಎಷ್ಟು ಪಾಲಕರಿಗೆ ಇದನ್ನು ನಾವು ಕುಳ್ಳಿರಿಸಿ ವಿವರಿಸಿದ್ದೇವೆ? ಜಿಲ್ಲೆಯ ಹತ್ತು ಜನರಲ್ಲಿ ಒಬ್ಬರ ಆಸುಪಾಸು ಕನ್ನಡ ಮಾತೃಭಾಷೆಯವರು. ಅವರು ಮನೆಯಲ್ಲಿ ಕನ್ನಡ ಬಿಟ್ಟಿಲ್ಲ. ಗಡ್ಡೆಯ ಜಾತ್ರೆಯಲ್ಲಿ, ಸಂತೆಯಲ್ಲಿ, ಹಂತಿಯ ಹಾಡಿನಲ್ಲಿ ಅದು ಇದ್ದೇ ಇದೆ. ಬಿಟ್ಟದ್ದು ಶಾಲೆಯನ್ನು, ಅದೂ ಹೊಟ್ಟೆಯ ಲೆಕ್ಕ ಹಾಕಿ.

ಆದ್ದರಿಂದ ತಾಯಂದಿರೇ, ಆ ಸಭೆಯಲ್ಲಿ ನೀವು ತಲೆ ತಗ್ಗಿಸಬೇಕಾಗಿರಲಿಲ್ಲ.

ನಾವು ಬರೆದ ಎರಡಕ್ಷರದ ಸುಳ್ಳು

ತಲೆ ತಗ್ಗಿಸಬೇಕಾದ ಸ್ಥಳ ಬೇರೊಂದಿದೆ. ಅಲ್ಲಿ ತಗ್ಗಬೇಕಾದುದು ನಮ್ಮ ತಲೆ. ರಜಿಸ್ಟರಿನ ಹಳೆಯ ಪುಟಗಳಲ್ಲಿ ಐದನೆಯ, ಆರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ ಹುಡುಗಿಯರ ಹೆಸರಿನ ಮುಂದೆ ಮತ್ತೆ ಮತ್ತೆ ಕಾಣುವ ಕಾರಣ ಮನೆಗೆಲಸ. ಅದು ಮನೆಗೆಲಸವಾಗಿರಲಿಲ್ಲ, ಬೀಡಿ ಕೆಲಸವಾಗಿತ್ತು ಎಂಬುದು ಬರೆದ ಗುರುಗಳಿಗೂ ಗೊತ್ತಿತ್ತು. ತಾಯಿ ಸುತ್ತಿದ ಬೀಡಿಗೆ ಬಾಯಿ ಮಡಚುವ, ದಾರ ಕಟ್ಟುವ ಕೈ ಎಳೆಯದಾದಷ್ಟು ಕೆಲಸ ಚುರುಕು. ಆ ಕೈಗಳಿಂದ ಸಾವಿರ ಬೇಗ ತುಂಬುತ್ತಿತ್ತು. 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ತಯಾರಿಕೆಯನ್ನು ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಮನೆಯವರ ಜೊತೆಗೂಡಿ ಮನೆಯಲ್ಲಿಯೇ ಮಾಡುವ ಕೆಲಸವನ್ನು ಆ ನಿಷೇಧದ ಹೊರಗಿಟ್ಟಿತು. ಕಾಯಿದೆಯ ಆ ಸಂದಿಯಲ್ಲಿ ನಮ್ಮ ಎಷ್ಟೋ ಹುಡುಗಿಯರ ಓದು ಜಾರಿಹೋಯಿತು. ಅದಕ್ಕೆ ಮನೆಗೆಲಸವೆಂಬ ಸಭ್ಯ ಹೆಸರು ಕೊಟ್ಟು ನಾವೂ ಸುಮ್ಮನಾದೆವು.

ಅವರ ತಾಯಂದಿರನ್ನೂ ಅರ್ಜಿಗಳಲ್ಲಿ ಗೃಹಿಣಿ ಎಂದೇ ಬರೆದೆವು. ಹಗಲಿರುಳು ದುಡಿದು ಮನೆ ನಡೆಸಿದವಳ ಉದ್ಯೋಗ ಇಲ್ಲವೆಂದು ನಮ್ಮ ದಾಖಲೆ ಹೇಳಿತು. ಇದು ಗೌರವದ ಮಾತಷ್ಟೇ ಅಲ್ಲ. ತಾಯಿಯ ಹೆಸರಿನಲ್ಲಿ ಬೀಡಿ ಕಾರ್ಮಿಕಳೆಂಬ ಗುರುತು ಚೀಟಿ ಇದ್ದರೆ ಮಗುವಿಗೆ ವಿದ್ಯಾರ್ಥಿವೇತನದ ಹಕ್ಕಿದೆ, ಅದರ ಅರ್ಜಿಯನ್ನು ಶಾಲೆ ಪರಿಶೀಲಿಸಿ ಕಳುಹಿಸಬೇಕು. ತಾಯಿಯ ದುಡಿಮೆ ಏನೆಂದು ಕೇಳದ ಶಾಲೆಗೆ ಆ ಚೀಟಿಯನ್ನು ಕೇಳುವುದೂ ನೆನಪಾಗುವುದಿಲ್ಲ. ಹುಡುಗಿಯರು ಈಗ ಹಿಂದಿನಂತೆ ನಡುವೆ ಬಿಡುತ್ತಿಲ್ಲ. ಹತ್ತನೆಯ ಇಯತ್ತೆ ದಾಟಿ, 2004ರಲ್ಲಿ ನಮ್ಮ ನಗರಕ್ಕೇ ಬಂದ ವಿಶ್ವವಿದ್ಯಾಲಯದವರೆಗೂ ಹೋಗುತ್ತಿದ್ದಾರೆ. ನೂರು ವರ್ಷಗಳ ನಮ್ಮ ಎಲ್ಲ ಬದಲಾವಣೆಗಳಲ್ಲಿ ಹೆಚ್ಚು ಸಂತೋಷದ ಬದಲಾವಣೆ ಇದೇ. ಇದನ್ನು ಸಾಧಿಸಿದವರು ಮೊರದ ಮುಂದೆ ಕುಳಿತು, ನನ್ನ ಮಗಳಿಗೆ ಇದು ಬೇಡ ಎಂದು ನಿಶ್ಚಯಿಸಿದ ತಾಯಂದಿರು.

ಮುಂದಿನ ರಜಿಸ್ಟರು

ಚರಿತ್ರೆಯನ್ನು ಬರೆದವರು ಮುಂದಿನ ದಾರಿ ಹೇಳಬೇಕೆಂಬ ನಿಯಮವಿಲ್ಲ. ಆದರೂ ನಾವು ಕಂಡುದರಿಂದ ಹೊರಡುವ ಮೂರು ಮಾತುಗಳನ್ನು ವಿನಯದಿಂದ ಮುಂದಿಡುತ್ತೇವೆ. ಒಂದು, ಪ್ರವೇಶದ ಸಮಯದಲ್ಲಿ ತಂದೆ, ತಾಯಿ ಇಬ್ಬರ ದುಡಿಮೆಯನ್ನೂ ಇದ್ದದ್ದು ಇದ್ದಂತೆ ಬರೆದುಕೊಳ್ಳೋಣ; ಯಾವ ಮನೆಗೆ ಯಾವ ನೆರವಿನ ಹಕ್ಕಿದೆಯೆಂಬುದು ಅದರಿಂದಲೇ ತಿಳಿಯುತ್ತದೆ. ಎರಡು, ಕುಂಭಾರಿಯ ಕಡೆಗೆ ಸರಿದ ನಮ್ಮ ಮನೆಗಳ ಮಕ್ಕಳಿಗಾಗಿ ಒಂದು ವಾಹನದ ವ್ಯವಸ್ಥೆಯನ್ನು ಹಳೆಯ ವಿದ್ಯಾರ್ಥಿಗಳು ಹೊತ್ತುಕೊಳ್ಳಲಿ. ಶತಮಾನೋತ್ಸವದ ಕಮಾನಿಗಿಂತ ಅದು ಹೆಚ್ಚು ಕಾಲ ಬಾಳುವ ನೆನಪಾದೀತು. ಮೂರು, ಕನ್ನಡದಲ್ಲಿ ಓದಿದ ಮಗು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳದಂತೆ ಕಲಿಸೋಣ. ನಾಲ್ಕು ಭಾಷೆಗಳ ಗಲ್ಲಿಯಲ್ಲಿ ಬೆಳೆದ ಮಗುವಿಗೆ ಭಾಷೆ ಹೊರೆಯಲ್ಲ. ಅದನ್ನು ಹೊರೆಯಾಗಿಸುವುದು ನಮ್ಮ ಅರೆಮನಸ್ಸಿನ ಕಲಿಕೆ.

ಈ ಸಂಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ನಿಮ್ಮ ಹೆಸರಿನ ಮುಂದೆ ಶಾಲೆ ಬಿಟ್ಟ ಕಾರಣವೆಂದು ನಾವು ಬರೆದದ್ದು ನಿಜವಾಗಿತ್ತೇ? ಇಲ್ಲವಾಗಿದ್ದರೆ ಒಂದು ದಿನ ಬಂದು ಹೇಳಿ. ನಿಮ್ಮ ಅವ್ವ ಏನು ಕೆಲಸ ಮಾಡುತ್ತಿದ್ದಳು, ಅಪ್ಪನ ಗಿರಣಿ ನಿಂತ ವರ್ಷ ಮನೆಯಲ್ಲಿ ಏನು ಬೇಯುತ್ತಿತ್ತು, ಯಾರ ಉದ್ರಿಯಿಂದ ನಿಮ್ಮ ಪಾಟಿ ಬಂದಿತು ಎಂಬುದನ್ನು ಹೇಳಿ. ರಜಿಸ್ಟರನ್ನು ತಿದ್ದುವ ಅಧಿಕಾರ ನಮಗಿಲ್ಲ. ಅದರ ಪಕ್ಕದಲ್ಲಿ ಒಂದು ಹೊಸ ವಹಿಯನ್ನು ತೆರೆದಿಟ್ಟಿದ್ದೇವೆ. ಶಾಲೆಯ ಎರಡನೆಯ ನೂರು ವರ್ಷಗಳ ಮೊದಲ ಬರಹ ಅದರಲ್ಲಿ ನಿಮ್ಮ ಮಾತುಗಳಿಂದಲೇ ಆರಂಭವಾಗಲಿ.